ಚಟ್ನಿಗೊಬ್ಬ ಮಾಲಕ

ಮನುಷ್ಯನಿಗೆ ಬರಬಾರದ ರೋಗಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದೆಂದು ಸೊಲ್ಲಾಪುರದ ಸಾತಲಿಂಗಪ್ಪನವರನ್ನು ಕೇಳಿ ನೋಡಿ. ಸಕ್ಕರೆ ರೋಗ, ಬಿ.ಪಿ., ಮಂಡಿನೋವು ಯಾವುದನ್ನೂ ಅವರು ಹೇಳುವುದಿಲ್ಲ. "ಗಲ್ಲಾ ಬಿಟ್ಟು ಮನ್ಯಾಗ ಕುಂಡ್ರೂದು" ಎನ್ನುತ್ತಾರೆ. ಟಾವೆಲ್ಲು, ಚಾದರು ಮಾರುವ ಅಂಗಡಿಯಲ್ಲಿ ಅರ್ಧ ಆಯುಷ್ಯ ಗಲ್ಲಾಪೆಟ್ಟಿಗೆಯ ಹಿಂದೆ ಗಾದಿ ಹಾಕಿ ಕೂತು, ಬಂದವರಿಂದೆಲ್ಲ "ಮಾಲಕ, ಮಾಲಕ" ಎನ್ನಿಸಿಕೊಂಡ ಮಹಾನುಭಾವರು ಅವರು. ಹೋದ ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ, ನಾಲ್ಕು ಜನ ಬೀಗರ ಮುಂದೆ ದೊಡ್ಡತನ ತೋರಿಸುವ ಹುಕಿಯಲ್ಲಿ, "ಇನ್ನ ಅಂಗಡಿ ನಿಂದಪಾ ನಿತಿನಾ" ಎಂದು ಮಗನಿಗೆ ಹೇಳಿಬಿಟ್ಟರು. ಹೇಳಿದ್ದು ಬಾಯಿಮಾತಿಗೆ. ಮಗ "ಛೇ ಛೇ, ನೀವ ಇರ್ರೆಪ್ಪಾ" ಎನ್ನುತ್ತಾನೆ, ಬೀಗರು "ವ್ಹಾ ವ್ಹಾ" ಎನ್ನುತ್ತಾರೆ, ಮರುದಿನ ಎಂದಿನಂತೆ ತಾವೇ ಗಾದಿ ಏರುವುದು ಎಂಬ ಲೆಕ್ಕಾಚಾರ. ಆದರೆ ನಿತಿನ ಅಪ್ಪನ ಮಾತನ್ನು ಮೀರದ ಮಗ. ಮರುದಿನ ಬೆಳಗ್ಗೆ ಕೀಲಿಕೈ ಇಸಿದುಕೊಂಡು ಹೊರಟೇ ಹೋದ.

ಅಂದಿನಿಂದ ಸಾತಲಿಂಗಪ್ಪನವರ ಪಾಲಿಗೆ ಮನೆಯೇ ಗತಿ. ಮನೆಯಲ್ಲಾದರೂ ಯಾರು ಕೇಳಬೇಕು? ಸೊಸೆ ಸಾರಿಕಾ ಒಳ್ಳೆಯ ಹುಡುಗಿ, ಮಾವ ಏನು ಹೇಳಿದರೂ "ಹೂಂ ಮಾಮಾ" ಎನ್ನುತ್ತಾಳೆ. (ಎಂದಮೇಲೆ ತನಗೆ ಬೇಕಾದದ್ದನ್ನೇ ಮಾಡುತ್ತಾಳೆ.) ಹೆಂಡತಿ ಕಸ್ತೂರಬಾಯಿಯಂತೂ ಅಡುಗೆಮನೆಯ ಚಕ್ರವರ್ತಿನಿ. ಸಾತಲಿಂಗಪ್ಪನವರು ಅಡುಗೆಮನೆಯ ಕಿಟಕಿಗೆ ಬೆನ್ನು ಕೊಟ್ಟು ನಿಂತು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತ, ಬದನೆಕಾಯಿ ಹೆಚ್ಚುವುದರಿಂದ ಹಿಡಿದು ದೇಶದ ರಾಜಕಾರಣದವರೆಗೆ ಸಲಹೆ ಕೊಡುತ್ತಿದ್ದರು. ಆಗಾಗ ಹಿಂದೆ ತಿರುಗಿ ಕಿಟಕಿಯಿಂದ ಹೊರಗೆ ಪಿಚಕ್ಕೆಂದು ಉಗುಳುತ್ತಿದ್ದರು. ಆ ಮನೆಯಲ್ಲಿ ಅವರಿಗೆ ಉಳಿದಿದ್ದ ಅಧಿಕಾರ ಇದೊಂದೇ. "ಮಾಲಕ" ಎಂದು ಕರೆಯುವ ಒಂದು ನರಪಿಳ್ಳೆಯೂ ಇಲ್ಲದೆ ಅವರ ಜೀವ ಒಣಗಿಹೋಗಿತ್ತು. ಇನ್ನೊಮ್ಮೆ ಯಾರಾದರೂ ಹಾಗೆ ಕರೆದರೆ ಸಾಕು, ಸುಖವಾಗಿ ಕಣ್ಣು ಮುಚ್ಚುತ್ತೇನೆ ಎನ್ನುವಲ್ಲಿಗೆ ಬಂದಿದ್ದರು.

ಹೀಗಿರುವಾಗ ಅವರ ಕಣ್ಣು ಒರಳಿನ ಮೇಲೆ ಬಿತ್ತು.

ಕಸ್ತೂರಬಾಯಿಯ ಶೇಂಗಾ ಚಟ್ನಿ ಎಂದರೆ ಸಾಮಾನ್ಯವಲ್ಲ. ತವರುಮನೆ ಹನ್ನೂರದಿಂದ ಅಣ್ಣ ಸಾಯಬಣ್ಣ ಕಳಿಸುವ ಶೇಂಗಾ, ಅದನ್ನು ಸಣ್ಣ ಉರಿಯಲ್ಲಿ ಹುರಿದು, ಬೆಳ್ಳುಳ್ಳಿ, ಖಾರ, ಜೀರಿಗೆ, ಉಪ್ಪು ಹಾಕಿ ಒರಳಲ್ಲಿ ಕುಟ್ಟುತ್ತ ಹೋದರೆ ಎಣ್ಣೆ ತಾನಾಗಿಯೇ ಒಸರುತ್ತದೆ. ಆ ಚಟ್ನಿಯನ್ನು ಖಡಕ್ ಭಕ್ಕರಿಗೆ ಹಚ್ಚಿ ತಿಂದವನು ಮತ್ತೆ ಆ ಮನೆಯ ದಾರಿ ಮರೆತದ್ದಿಲ್ಲ. ಬಂದವರು ತಿಂದು ಹೋಗುವುದಷ್ಟೇ ಅಲ್ಲ, ಕಟ್ಟಿಸಿಕೊಂಡೂ ಹೋಗುತ್ತಿದ್ದರು. ವಾಗದರಿಯ ಬೀಗರು ಡಬ್ಬಿ ತಂದೇ ಬರುತ್ತಿದ್ದರು. (ಡಬ್ಬಿಯ ಗಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಮಕ್ಕಳು ಬೆಳೆಯುತ್ತಾರಲ್ಲ, ಹಾಗೆ.) ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ಸಾತಲಿಂಗಪ್ಪನವರಿಗೆ ಮಾತ್ರ ಅದು ಇಷ್ಟು ದಿನ ಬರೀ ಚಟ್ನಿಯಾಗಿತ್ತು. ಈಗ ಒಮ್ಮೆಲೇ ಕಂಪನಿಯಾಗಿ ಕಂಡಿತು.

"ಏ ಕೇಳಿದೇನ, ಈ ಚಟ್ನಿ ಮಾರೂಣು" ಎಂದರು.

ಕಸ್ತೂರಬಾಯಿ ಒನಕೆ ನಿಲ್ಲಿಸಿದಳು. "ಮಾರೂದಾ? ಮನಿಗೆ ಬಂದವರ ಕೈಯಾಗ ಕೊಡೂ ಚಟ್ನಿ ಮಾರಿದ್ರ ನಮ್ಮ ಹನ್ನೂರಾಗ ಏನಂದಾರು?"

"ಏನಂತಾರ, ನಮಗೊಂದ ಪಾಕೀಟ ಫುಕಟ ಕೊಡ್ರಿ ಅಂತಾರ. ನೀ ಸುಮ್ಮ ಕುಟ್ಟು. ಬಾಕಿದ್ದೆಲ್ಲಾ ನಾ ನೋಡಕೋತೀನಿ."

"ಬಾಕಿದ್ದು ಅಂದ್ರ ಏನ್ರಿ? ಹುರಿಯಾಕಿ ನಾನು, ಕುಟ್ಟಾಕಿ ನಾನು, ತುಂಬಾಕಿ ನಾನು. ಮತ್ತೇನ ಉಳೀತದ?"

"ಮಾಲಕ ಆಗೂದು ಉಳೀತದಲ್ಲ! ಅದೇನ ಸಣ್ಣ ಕೆಲಸ ಅಂದ್ಕೊಂಡೇನು?"

ಮರುದಿನವೇ ಪೇಂಟರ್ ಪೀರಪ್ಪನನ್ನು ಹಿಡಿದು ಒಂದು ಬೋರ್ಡು ಬರೆಸಿದರು. ಹಳದಿ ಬಣ್ಣದ ಮೇಲೆ ಕೆಂಪಕ್ಷರ, ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ: "ಸಾತಲಿಂಗಪ್ಪ ಫುಡ್ಸ್". ಕೆಳಗೆ, ಅದಕ್ಕಿಂತ ದಪ್ಪಕ್ಷರದಲ್ಲಿ, "ಮಾಲಕ: ಶ್ರೀ. ಸಾತಲಿಂಗಪ್ಪ". ಚಟ್ನಿಯ ಹೆಸರೇ ಅದರಲ್ಲಿ ಇರಲಿಲ್ಲ, ಜಾಗ ಉಳಿದಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ.

ಸಂಜೆ ಅಂಗಡಿಯಿಂದ ಬಂದ ನಿತಿನ ಬೋರ್ಡು ನೋಡಿದ. "ಅಪ್ಪಾ, ಲಾಯಸನ್ ಎಲ್ಲದ?"

"ಚಟ್ನಿಗ್ಯಾಕೋ ಲಾಯಸನ್ನು? ಅದೇನ ಬಂದೂಕ ಏನು?"

"ತಿನ್ನೂ ಸಾಮಾನ ಮಾರಬೇಕಾದ್ರ ಫೂಡ್ ಲಾಯಸನ್ ಬೇಕ. ಸಣ್ಣ ಧಂಧೇಕ್ಕ ಬರೀ ನೋಂದಣಿ ಆದ್ರೂ ಆಗಬೇಕ. ಅದಿಲ್ದ ಮಾರಿದ್ರ ದಂಡ ಹಾಕ್ತಾರ. ಸಾರಿಕಾ, ನಿಯಮ ಏನೇನವ ಅಪ್ಪಾಗ ಓದಿ ಹೇಳು."

ಸಾರಿಕಾ ಮೊಬೈಲು ತೆಗೆದು ಮರಾಠಿಯಲ್ಲಿದ್ದ ನಿಯಮಗಳನ್ನು ಕನ್ನಡ ಮಾಡಿ ಹೇಳತೊಡಗಿದಳು. ಅದುವರೆಗೆ ಶಾಂತವಾಗಿದ್ದ ಮನೆ ಅಂದು ಕುರುಕ್ಷೇತ್ರವಾಯಿತು.

"ಪಾಕೀಟಿನ ಮ್ಯಾಲ ಯಾವಾಗ ಮಾಡಿದ್ದು, ಯಾವಾಗಿನತನಕಾ ಚಲೋ ಇರತದ ಅಂತ ತಾರೀಖು ಹಾಕಬೇಕ್ರಿ."

"ನನ್ನ ಚಟ್ನಿ ಕೆಡೋ ತಾರೀಖಾ?" ಕಸ್ತೂರಬಾಯಿ ಎದ್ದು ನಿಂತಳು. "ನಮ್ಮ ಅತ್ತಿಯಾರು ಮಾಡಿಟ್ಟಿದ್ದ ಚಟ್ನಿ ಅವರು ತೀರಕೊಂಡ ಮ್ಯಾಲನೂ ತಿಂದೀವಿ!"

"ಇದರಾಗ ಶೇಂಗಾ ಅದ ಅಂತ ಬ್ಯಾರೆನ ಬರೀಬೇಕ್ರಿ. ಕೆಲವರಿಗೆ ಶೇಂಗಾ ನಡ್ಯಂಗಿಲ್ಲಂತ."

"ಶೇಂಗಾ ಚಟ್ನ್ಯಾಗ ಶೇಂಗಾ ಅದ ಅಂತ ಬರೀಬೇಕಾ? ಮತ್ತೇನ ಟಾವೆಲ್ ಇರತದೇನು?" ಎಂದರು ಸಾತಲಿಂಗಪ್ಪನವರು.

"ಕುಡಿಯೂ ನೀರಿನ ತಪಾಸಣಿ ಆಗಬೇಕ. ಕುಟ್ಟವರದು ಡಾಕ್ಟರ ತಪಾಸಣಿ ಆಗಬೇಕ. ತಲಿಗೆ ಟೊಪ್ಪಗಿ. ಉಗುರು ಕತ್ತರಿಸಿರಬೇಕ. ಕೈಯಾಗ ಉಂಗರ, ಬಳಿ ಇರಬಾರದು."

ಸಾತಲಿಂಗಪ್ಪನವರು ವ್ಯಾಪಾರಿ ಬುದ್ಧಿಯಲ್ಲಿ, ಹಿಂದೆಮುಂದೆ ನೋಡದೆ, "ಅಷ್ಟ ಹೌದಿಲ್ಲೋ, ಬಳಿ ತಗದ ಇಡು" ಎಂದುಬಿಟ್ಟರು.

ಕಸ್ತೂರಬಾಯಿಯ ಮುಖ ಬಿಳುಪೇರಿತು. ಸೆರಗು ಕಣ್ಣಿಗೆ ಹೋಯಿತು. "ಕೇಳಿದೇನ ಸಾರಿಕಾ? ಗಂಡ ಅನ್ನವರು ಎದುರಿಗೆ ಗಟ್ಟಿಮುಟ್ಟಾಗಿ ಕುಂತು ಬಳಿ ತಗೀ ಅನ್ನಾಕತ್ಯಾರ. ಮುತ್ತೈದಿ ಕೈ ಬರಿದ ಮಾಡಿ ಚಟ್ನಿ ಮಾರಬೇಕಂತ! ನಿಮ್ಮ ಆಯುಷ್ಯಕ್ಕಂತ ನಾ ಎಷ್ಟು ಸೋಮವಾರ ಹಿಡದೀನಿ ಗೊತ್ತದನ್ರಿ?"

"ಅಲ್ಲ, ನಾ ಎಲ್ಲಿ... ಸರಕಾರ ಹೇಳೂದು..."

"ಸರಕಾರಕ್ಕ ಗಂಡ ಇಲ್ಲ. ನನಗದಾನ!"

ಮೂರು ದಿನ ಸಾತಲಿಂಗಪ್ಪನವರ ತಟ್ಟೆಗೆ ಬರೀ ಭಕ್ಕರಿ, ಹಸಿ ಉಳ್ಳಾಗಡ್ಡಿ. ನಾಲ್ಕನೆಯ ದಿನ ಸಾರಿಕಾ ಒಂದು ಉಪಾಯ ಹುಡುಕಿದಳು. ಬಳೆಗಳನ್ನು ಮೇಲೆ ಸರಿಸಿ, ಅವುಗಳ ಮೇಲೆ ಮೊಣಕೈವರೆಗೆ ಬರುವ ಕೈಗವಸು ಹಾಕುವುದು. ಬರುವ ಅಧಿಕಾರಿ ಇದಕ್ಕೆ ಒಪ್ಪಬಹುದು. ಸಂಧಾನವಾಯಿತು. ಚಟ್ನಿ ತಟ್ಟೆಗೆ ಮರಳಿತು.

ಆಗಲೇ ಸಾರಿಕಾ ಮೆಲ್ಲಗೆ ಇನ್ನೊಂದು ನಿಯಮ ಓದಿದಳು. "ತಯಾರ ಮಾಡೂ ಜಾಗಾದಾಗ ತಂಬಾಕ ತಿನ್ನೂದು, ಉಗುಳೂದು ನಡ್ಯಂಗಿಲ್ರಿ ಮಾಮಾ."

"ಅದು ಕಾಮಗಾರರಿಗೆ" ಎಂದರು ಸಾತಲಿಂಗಪ್ಪನವರು, ಎಡಗೈಯಲ್ಲಿ ಸುಣ್ಣದ ಡಬ್ಬಿ ಮುಚ್ಚುತ್ತ. "ಮಾಲಕರಿಗೆ ಅಲ್ಲ."

ಅರ್ಜಿ ಹಾಕುವ ಕೆಲಸ ಓಣಿಯ ತುದಿಯಲ್ಲಿ ಸೇವಾ ಕೇಂದ್ರ ಇಟ್ಟಿದ್ದ ಓಂಕಾರನ ಪಾಲಿಗೆ ಬಂತು. ಆ ಮನೆಯ ಗ್ಯಾಸು, ರೇಶನ್ನು, ಆಧಾರ್ ಎಲ್ಲದರ ಕಾಗದ ಅವನ ಕಂಪ್ಯೂಟರಿನಲ್ಲೇ ಇದ್ದವು. "ನೀವ ಚಿಂತಿ ಮಾಡಬ್ಯಾಡ್ರಿ ಕಾಕಾ, ಏನರ ಬೇಕಾದ್ರ ಮನಿಗೆ ಫೋನ ಮಾಡ್ತೀನಿ" ಎಂದ. ಸಾತಲಿಂಗಪ್ಪನವರು ನಿಶ್ಚಿಂತರಾಗಿ ಅಕ್ಕಲಕೋಟೆಯ ಬಸ್ಸು ಹತ್ತಿದರು. ಹೊಸ ಕಂಪನಿಯ ಹೆಸರಿನಲ್ಲಿ ಸ್ವಾಮಿ ಮಹಾರಾಜರಿಗೆ ಕಾಯಿ ಒಡೆಸಿ, ಹಾಗೇ ಹನ್ನೂರಕ್ಕೆ ಹೋಗಿ ಭಾವಮೈದುನ ಸಾಯಬಣ್ಣನಿಗೆ ಶೇಂಗಾ ಹೇಳಿ ಬರುವುದಿತ್ತು. ಗುಡಿಯ ಸಾಲಿನಲ್ಲಿ ನಿಂತು ಅವರು ಬೇಡಿಕೊಂಡದ್ದು ಒಂದೇ: ಚಟ್ನಿ ಮಾರಲಿ ಬಿಡಲಿ, ಹೆಸರು ಉಳಿಯಲಿ ಸ್ವಾಮೀ.

ಅತ್ತ ಅವರು ಕೈಮುಗಿದು ನಿಂತ ಹೊತ್ತಿಗೆ ಇತ್ತ ಮನೆಯ ಫೋನು ಗಣಗಣಿಸಿತು. ಸಾರಿಕಾ ತರಕಾರಿಗೆ ಹೋಗಿದ್ದಳು. ಕಸ್ತೂರಬಾಯಿ ಎತ್ತಿದಳು.

"ಕಾಕೂ, ಓಂಕಾರ ಮಾತಾಡಾಕತ್ತೀನ್ರಿ. ಮಾಲಕರ ಕಾಲಂ ಬಂದದ. ಯಾರ ಹೆಸರ ಹಾಕ್ಲಿ?"

"ಅವರದs ಹಾಕಪಾ."

"ಅವರದು ಅಂದ್ರ ಯಾರದ್ರಿ? ನಿತಿನ ದಾದಾರದೇನು?"

"ಏ ಅವಂದಲ್ಲೋ. ನಿತಿನನ ಅಪ್ಪಾರದು."

"ಕಾಕಾರದು. ಆಯ್ತ್ರಿ. ಖರೇ ನಂಗ ನಿಮ್ಮ ಬಾಯಿಂದ ಹೆಸರ ಪಕ್ಕಾ ಬೇಕ್ರಿ. ಹಿಂದಕ ಒಬ್ಬರದು ಅಣ್ಣನ ಹೆಸರಿಗೆ ಬದಲಿ ತಮ್ಮನ ಹೆಸರ ಹಾಕಿ ನಾ ಬೈಸ್ಕೊಂಡೀನಿ. ಹೆಸರ ಹೇಳ್ರಿ, ಟೈಪ್ ಮಾಡ್ತೀನಿ."

ಇಲ್ಲಿ ಬಂದು ಗಾಡಿ ನಿಂತಿತು. ಕಸ್ತೂರಬಾಯಿ ಗಂಡನ ಹೆಸರು ಹೇಳುವ ಹೆಂಗಸಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅತ್ತೆ, ಎಂದರೆ ಸಾತಲಿಂಗಪ್ಪನವರ ತಾಯಿಯೇ, ಮದುವೆಯಾದ ಹೊಸತಿನಲ್ಲಿ ಹೇಳಿಕೊಟ್ಟಿದ್ದಳು. ಅಂದಿನಿಂದ ಆ ಹೆಸರು ಸುಮ್ಮನೆ ಅವಳ ನಾಲಿಗೆ ದಾಟಿದ್ದಿಲ್ಲ. ಮಾರ್ಕೆಟ್ಟಿನ ಗದ್ದಲದಲ್ಲಿ ಗಂಡ ಕಳೆದುಹೋದಾಗಲೂ "ಏನ್ರೀ, ಏನ್ರೀ" ಎಂದು ಕೂಗಿ ಹತ್ತಾರು ಗಂಡಸರನ್ನು ತಿರುಗಿಸಿದವಳು ಅವಳು.

"ಗೊತ್ತಿದ್ದದ್ದನ್ನ ಯಾಕ ಕೇಳ್ತೀಪಾ ಓಂಕಾರ?"

"ಲಗೂ ಹೇಳ್ರಿ ಕಾಕೂ, ನೆಟ್ ಹೋಗತದ. ಮತ್ತ ಮೊದಲಿಂದ ತುಂಬಬೇಕಾಗತದ. ಯಾರದರ ಒಂದ ಹೆಸರ ಹೇಳ್ರಿ!"

ಗಂಡನ ಕೆಲಸ ನಿಲ್ಲಬಾರದು, ಗಂಡನ ಆಯುಷ್ಯವೂ ಕಡಿಮೆಯಾಗಬಾರದು. ಮಹಾಪತಿವ್ರತೆ ಬೆವತುಹೋದಳು. ಕಡೆಗೆ, "ಹಂಗಾರ ನಂದs ಬರಕೋಪಾ. ಕಸ್ತೂರಬಾಯಿ ಅಂತ. ನಾವಿಬ್ಬರೇನು ಬ್ಯಾರೇನು?" ಎಂದಳು.

ಓಂಕಾರ ಟಕಟಕ ಒತ್ತಿದ. ಅರ್ಜಿ ಮುಂಬಯಿಗೋ ದಿಲ್ಲಿಗೋ ಹೋಗಿ ಮುಟ್ಟಿತು.

ರಾತ್ರಿ ಪ್ರಸಾದ ಹಿಡಿದು ಬಂದ ಸಾತಲಿಂಗಪ್ಪನವರ ಕೈಗೆ ಸಾರಿಕಾ ಓಂಕಾರ ಕಳಿಸಿದ ಅರ್ಜಿಯ ಪಾವತಿಚೀಟಿ ಕೊಟ್ಟಳು. ಕನ್ನಡಕ ಹಾಕಿ ಓದಿದರು. ಕನ್ನಡಕ ಒರಸಿ ಮತ್ತೊಮ್ಮೆ ಓದಿದರು. ಆಮೇಲೆ ಗೋಡೆಗೆ ಆನಿಸಿಟ್ಟ ತಮ್ಮ ಬೋರ್ಡಿನ ಕಡೆ ನೋಡಿದರು. ತಮ್ಮ ಶ್ರಾದ್ಧಕ್ಕೆ ತಾವೇ ಬಂದು ಕೂತವರ ಹಾಗಿತ್ತು ಅವರ ಮುಖ.

"ಒಂದ ಹೆಸರ ಹೇಳಾಕ ಏನಾಗಿತ್ತs ನಿನಗ?"

"ಹೆಂಗ ಹೇಳ್ಲಿ? ನಿಮ್ಮ ಜೀವಕ್ಕೇನರ ಆದ್ರ?"

"ನನ್ನ ಜೀವ ಈಗ ಹೋತಲ್ಲ!"

"ಸ್ವಾಮಿ ಪ್ರಸಾದ ಕೈಯಾಗ ಹಿಡದು ಹಂಗ ಅನಬಾರದ್ರಿ" ಎಂದು ಅವಳು ಅವರ ಕೈಯಿಂದಲೇ ಒಂದು ಚೂರು ಖೊಬ್ಬರಿ ಮುರಿದು ಬಾಯಿಗೆ ಹಾಕಿದಳು.

ಏನು ಮಾಡುವುದು? ಬೈಯೋಣವೆಂದರೆ ಅವಳು ಮಾಡಿದ್ದು ಅವರ ಆಯುಷ್ಯಕ್ಕಾಗಿ. ಹೊಗಳೋಣವೆಂದರೆ ಹೊಟ್ಟೆ ಉರಿಯುತ್ತದೆ. ಓಡಿ ಹೋಗಿ ಓಂಕಾರನನ್ನು ಕೇಳಿದರು. ಅವನು ತಲೆ ಕೆರೆದುಕೊಂಡು, "ಅರ್ಜಿ ಹೋಗ್ಯದ್ರಿ ಕಾಕಾ. ಫೂಡ್ ಆಫೀಸಿನ ಮೇಡಂ ತಪಾಸಣಿಗೆ ಬಂದ್ರೂ ಬರ್ತಾರ. ಬಂದ್ರ ನೀವ ಮುಂದ ನಿಂತು ಮಾಲಕ ನಾನ ಅಂತ ಹೇಳ್ರಿ. ಏನ ತಿದ್ದೂದದ ಹೇಳಿಕೊಡ್ತಾರ" ಎಂದ. ಸಾತಲಿಂಗಪ್ಪನವರು ಅದೊಂದೇ ಹುಲ್ಲುಕಡ್ಡಿ ಹಿಡಿದು ದಿನ ದೂಡಿದರು. ಕನ್ನಡಿಯ ಮುಂದೆ ನಿಂತು "ಮಾಲಕ ನಾನ್ರಿ ಮೇಡಂ" ಎನ್ನುವುದನ್ನು ನಾನಾ ಗತ್ತಿನಲ್ಲಿ ಅಭ್ಯಾಸ ಮಾಡಿದರು. ಗಂಭೀರವಾಗಿ ಒಮ್ಮೆ, ಮುಗುಳ್ನಗುತ್ತ ಒಮ್ಮೆ, ಕೆಮ್ಮಿ ಒಮ್ಮೆ.

ಮೇಡಂ ಬರುವ ಸುದ್ದಿ ಬಂದ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಕಸ್ತೂರಬಾಯಿ ಅಡುಗೆಮನೆಯ ಮೂಲೆಮೂಲೆ ತಿಕ್ಕಿದಳು. ಹಿತ್ತಾಳೆ ಡಬ್ಬಿಗಳಲ್ಲಿ ಮುಖ ಕಾಣುತ್ತಿತ್ತು. ತಲೆಗೆ ಟೊಪ್ಪಿಗೆ, ಬಳೆಯ ಮೇಲೆ ಕೈಗವಸು ಹಾಕಿ ಅವಳು ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ಹಾಗೆ ಒರಳಿನ ಪಕ್ಕದಲ್ಲಿ ನಿಂತಳು. ಆ ಅವತಾರ ನೋಡಲು ಪಕ್ಕದ ಮನೆಯ ಜನಾಬಾಯಿ, ಅವಳ ಹಿಂದೆ ಓಣಿಯ ಅರ್ಧ ಹೆಂಗಸರು ಪಡಸಾಲೆಯಲ್ಲಿ ಜಮಾಯಿಸಿದರು. ಸಾತಲಿಂಗಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು ಕಿಟಕಿಯ ಹತ್ತಿರ ತಮ್ಮ ನಿತ್ಯದ ಜಾಗದಲ್ಲಿ ನಿಂತರು. ಧೈರ್ಯಕ್ಕೆಂದು ಒಂದು ಚಿಟಿಕೆ ತಂಬಾಕು ತಿಕ್ಕಿದರು. ಧೈರ್ಯ ಸಾಲದೆ ಇನ್ನೊಂದು ಚಿಟಿಕೆ ಸೇರಿಸಿದರು. ಎರಡೂ ಕೂಡಿ ಗಲ್ಲದಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು ಬಂತು.

ಅದೇ ಗಳಿಗೆಗೆ ಮೇಡಂ ಒಳಗೆ ಬಂದರು. ರೂಪಾಲಿ ಎಂದು ಹೆಸರು, ವಯಸ್ಸು ಸಣ್ಣದು. ಅಕ್ಕಲಕೋಟೆಯ ಕಡೆಯವರೇ, ಅರ್ಧ ಮರಾಠಿ, ಅರ್ಧ ಕನ್ನಡ. "ನಮಸ್ಕಾರ್. ಬರಂ, ಕಿಚನ್ ತೋರಸ್ರಿ" ಎಂದು ನೇರ ಕೆಲಸಕ್ಕೆ ನಿಂತರು. ನೀರಿನ ತಪಾಸಣೆಯ ಕಾಗದ ನೋಡಿದರು. ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಕೈಗವಸು ನೋಡಿ, "ಅರೆ ವ್ಹಾ, ಬಳಿ ಮುಚ್ಚೀರಿ, ಛಾನ್" ಎಂದರು. ಕಸ್ತೂರಬಾಯಿ ಹೆಮ್ಮೆಯಿಂದ ಜನಾಬಾಯಿಯ ಕಡೆ ನೋಡಿದಳು.

ಆಮೇಲೆ ಮೇಡಂ ಕಿಟಕಿಯ ಹತ್ತಿರ ಬಂದರು.

ಒಳಗಡೆ ಎಲ್ಲ ಬೆಳ್ಳಗಿತ್ತು. ಆದರೆ ಅವರು ಬಗ್ಗಿ ಹೊರಗಿನ ಕಟ್ಟೆ ನೋಡಿದರು. ಅಲ್ಲಿ ಅಂದಿನ ದಿನದ ಇತಿಹಾಸವೆಲ್ಲ ಕಂದು ಬಣ್ಣದಲ್ಲಿ ಬರೆದಿಟ್ಟಿತ್ತು. ಕಸ್ತೂರಬಾಯಿ ಬೆಳಗ್ಗೆ ತಾನೇ ತೊಳೆದಿದ್ದಳು. ಇದ್ದದ್ದು ಮಧ್ಯಾಹ್ನದ ಆವೃತ್ತಿ.

"ಹೇ ಕಾಯ? ಇಲ್ಲಿ ತಂಬಾಕ ಉಗುಳ್ಯಾರ. ಯಾರಿದು?"

ಸಾತಲಿಂಗಪ್ಪನವರ ತಲೆಯಲ್ಲಿ ಅಭ್ಯಾಸ ಮಾಡಿಟ್ಟ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು, ಆದರೆ ಬಾಯಿ ತೆರೆಯುವ ಹಾಗಿರಲಿಲ್ಲ. ತೆರೆದರೆ ಇಸ್ತ್ರಿಯ ಧೋತರ, ಮೇಡಮ್ಮಿನ ಸೀರೆ ಎರಡೂ ಹೋಗುತ್ತವೆ. ಉಗುಳೋಣವೆಂದರೆ ಇರುವುದೊಂದೇ ಕಿಟಕಿ, ಅದಕ್ಕೆ ಅಡ್ಡ ಮೇಡಂ.

"ಅಜೋಬಾ, ಅಜ್ಜಾರ, ನೀವು ಯಾರು?" ಎಂದರು ಮೇಡಂ ಅವರತ್ತ ತಿರುಗಿ.

"ಮ್ಮ್ಮ್... ಮಾ... ಮ್ಮ್" ಎಂದರು ಸಾತಲಿಂಗಪ್ಪನವರು, ಎದೆ ಮುಟ್ಟಿ ತೋರಿಸುತ್ತ.

"ಮಾತ ಬರಂಗಿಲ್ಲೇನು ಇವರಿಗೆ? ಪಾಪ" ಎಂದು ಮೇಡಂ ಕಸ್ತೂರಬಾಯಿಯನ್ನು ಕೇಳಿದರು. "ಹೆಸರೇನ್ರಿ ಇವರದು? ತಂಬಾಕ ಹಾಕ್ಕೊಂಡವರನ್ನ ತಯಾರಿ ಜಾಗಾದಾಗ ಬಿಡಾಂಗಿಲ್ಲ. ನಾ ಹೆಸರ ಬರದ ತಾಕೀತ ಕೊಡಬೇಕಾಗತದ. ಇಲ್ಲಾಂದ್ರ ನಿಮ್ಮ ನೋಂದಣಿ ತಡೀಬೇಕಾಗತದ ನೋಡ್ರಿ."

ಕಸ್ತೂರಬಾಯಿ ಸೆರಗು ತಲೆಗೆಳೆದುಕೊಂಡಳು. ಮೇಡಂ ಸಾರಿಕಾಳ ಕಡೆ ನೋಡಿದರು. ಸಾರಿಕಾ ಗಂಡನನ್ನು ಓಣಿಗೆ ಕೇಳುವಂತೆ "ನಿತಿನ, ನಿತಿನ" ಎಂದು ಕೂಗುವ ಈ ಕಾಲದ ಹುಡುಗಿಯೇ. ಆದರೂ ಅತ್ತೆಯ ಎದುರಿಗೆ ಮಾವನ ಹೆಸರು ಹೇಳುವಷ್ಟು ಈ ಕಾಲದವಳಾಗಿರಲಿಲ್ಲ. ಅವಳು ನೆಲ ನೋಡಿದಳು.

"ಕಮಾಲ ಅದ" ಎಂದರು ಮೇಡಂ. "ಇಡೀ ಮನ್ಯಾಗ ಈ ಮನಷ್ಯಾಗ ಹೆಸರ ಇಲ್ಲೇನು?"

ಆಗ ಪಡಸಾಲೆಯಿಂದ ಜನಾಬಾಯಿಯ ದನಿ ಬಂತು. "ಮೇಡಂ, ಆಕಿ ಗಂಡನ ಹೆಸರ ಸುಮ್ಮ ಹೇಳಾಕಿ ಅಲ್ರಿ. ಒಡಪು ಹಾಕಿ, ಪದಾ ಕಟ್ಟಿ ಹೇಳಂದ್ರ ಹೇಳ್ತಾಳ. ಒಡಪಿನಾಗ ಹೇಳಿದ್ರ ದೋಷ ಇಲ್ಲ. ಹೇಳs ಕಸ್ತೂರಾ, ಕಂಪನಿ ನಿಲ್ಲತದ!"

"ಉಖಾಣಾ? ಘ್ಯಾ ಘ್ಯಾ, ಹೇಳ್ರಿ!" ಎಂದು ಮೇಡಂ ಪೆನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಹೆಂಗಸರೆಲ್ಲ ಬಾಗಿಲಿಗೆ ಮುತ್ತಿದರು.

ಸಾತಲಿಂಗಪ್ಪನವರು ಎರಡೂ ಕೈ ಆಡಿಸಿ "ಮ್ಮ್! ಮ್ಮ್!" ಎಂದರು. ಬೇಡ ಎಂದು ಅದರ ಅರ್ಥ. ಹೇಳು ಎಂದು ಕಸ್ತೂರಬಾಯಿ ತಿಳಿದಳು. ನಿತಿನನ ಮದುವೆಯಲ್ಲಿ ಹೇಳಿದ್ದೇ ಕಡೆ, ಮತ್ತೆ ಒಡಪು ಹೇಳುವ ಯೋಗ ಬಂದಿರಲಿಲ್ಲ. ಅವಳ ಕೆನ್ನೆ ಮದುಮಗಳ ಹಾಗೆ ಕೆಂಪಾಯಿತು. ಕೈಗವಸಿನ ಕೈಯಿಂದಲೇ ಸೆರಗಿನ ಅಂಚು ಹಿಡಿದು, ಗಂಟಲು ಸರಿಮಾಡಿ ಶುರು ಮಾಡಿದಳು:

"ಹನ್ನೂರ ಹೊಲದ ಶೇಂಗಾ, ವಾಗದರಿ ಬೆಲ್ಲ,
ಕಿಟಕ್ಯಾಗ ತಂಬಾಕ ಉಗುಳವರು ಮನ್ಯಾಗ ಬ್ಯಾರೆ ಯಾರೂ ಇಲ್ಲ,
ಒರಸಿ ಒರಸಿ ಸವದಾವ ನನ್ನ ಕೈ ಬೆರಳೆಲ್ಲ,
ಸಾತಲಿಂಗಪ್ಪನವರ ಹೆಸರ ಹೇಳತೀನಿ, ಬರಕೊಳ್ರಿ ಮೇಡಂ ಎಲ್ಲ!"

ಮನೆಯ ಮಾಡು ಹಾರಿಹೋಗುವಂತೆ ನಗೆ ಎದ್ದಿತು. ಸಾತಲಿಂಗಪ್ಪನವರಿಗೆ ಆ ಗದ್ದಲದಲ್ಲಿ ಗಲ್ಲದೊಳಗಿದ್ದ ನೆಲ್ಲಿಕಾಯಿ ಗುಳುಂ ಎಂದು ಒಳಗಿಳಿಯಿತು. ಕಣ್ಣು ಮೇಲಾದವು, ಬಿಕ್ಕಳಿಕೆ ಹತ್ತಿತು. "ಮಾ... ಹಿಕ್... ಮಾಲಕ... ಹಿಕ್... ನಾನ್ರಿ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಮೇಡಂ ಬರೆದು ಮುಗಿಸಿದ್ದರು.

"ಮಾಲಕೀಣ ಕಸ್ತೂರಬಾಯಿ. ಸ್ವಚ್ಛತಾ ಉತ್ತಮ" ಎಂದು ಓದಿದರು ಮೇಡಂ. "ಶ್ರೀ. ಸಾತಲಿಂಗಪ್ಪ, ತಂಬಾಕು. ಇವರು ಅಡಗಿಮನಿ ಹೊಸ್ತಿಲ ದಾಟಬಾರದು. ಬಾಗಲಿಗೆ ಒಂದ ಸೂಚನಾ ಹಚ್ಚ್ರಿ, ಹೆಸರ ಸಹಿತ." ಕಾಗದ ಮಡಚಿ, ನಗುತ್ತ, "ಖರೇ ಹೇಳ್ಲಿ ಕಾಕೂ? ಇಂಥಾ ತಪಾಸಣಿ ನನ್ನ ನೌಕರ್ಯಾಗ ಆಗಿಲ್ಲ" ಎಂದರು.

ಮೇಡಂ ಹೋದಮೇಲೆ ಸಾತಲಿಂಗಪ್ಪನವರು ನೀರು ಕುಡಿದು, ಬಿಕ್ಕಳಿಕೆ ನಿಲ್ಲಿಸಿ, ಹೆಂಡತಿಯ ಮೇಲೆ ಹರಿಹಾಯ್ದರು. "ಮಾಲಕ ಅಂತ ಬರಸೂ ಮುಂದ ಬಾಯಾಗ ಬರಲಿಲ್ಲ ನನ್ನ ಹೆಸರು. ಉಗುಳಾಂವ ಅಂತ ಬರಸೂ ಮುಂದ ಹೆಂಗ ಬಂತು? ಈಗ ನನ್ನ ಆಯುಷ್ಯ ಕಡಿಮಿ ಆಗಲಿಲ್ಲೇನು?"

"ಒಡಪಿನಾಗ ಹೇಳಿದ್ರ ಕಡಿಮಿ ಆಗಂಗಿಲ್ರಿ" ಎಂದಳು ಕಸ್ತೂರಬಾಯಿ ಶಾಂತವಾಗಿ, ಕೈಗವಸು ಕಳಚುತ್ತ. "ತಂಬಾಕದಿಂದ ಆಗತದಂತ. ಹೋಗೂ ಮುಂದ ಮೇಡಂ ಹೇಳಿ ಹೋದ್ರು. ಆ ಡಬ್ಬಿ ಇತ್ಲಾಗ ಕೊಡ್ರಿ."

ಸುಣ್ಣದ ಡಬ್ಬಿ ಹೋಯಿತು. ತಂಬಾಕಿನ ಚೀಲ ಹೋಯಿತು. ಹಳದಿ ಬೋರ್ಡನ್ನು ಸಾರಿಕಾ ಹಿತ್ತಲಲ್ಲಿ ಶೇಂಗಾ ಒಣಹಾಕಲು ತೆಗೆದುಕೊಂಡು ಹೋದಳು. ನೋಂದಣಿಯಾಗಿ ಚಟ್ನಿ ಮಾರಾಟ ಶುರುವಾಯಿತು, ನೋಡನೋಡುತ್ತಿದ್ದಂತೆ ಜೋರಾಗಿಯೂ ನಡೆಯಿತು. ಹೆಂಗಸರು ಕುಟ್ಟಲು ಬಂದರು. ಓಣಿಯ ಮಕ್ಕಳಿಗೆಲ್ಲ ಒಡಪು ಬಾಯಿಪಾಠವಾಯಿತು. ಸಾತಲಿಂಗಪ್ಪನವರು ಬೀದಿಗೆ ಕಾಲಿಟ್ಟರೆ ಸಾಕು, "ಹನ್ನೂರ ಹೊಲದ ಶೇಂಗಾ" ಎಂದು ಒಂದು ಕಡೆಯಿಂದ, "ಬರಕೊಳ್ರಿ ಮೇಡಂ ಎಲ್ಲ" ಎಂದು ಇನ್ನೊಂದು ಕಡೆಯಿಂದ. ಹೊರಗೆ ಹೋಗುವುದನ್ನೂ ಬಿಟ್ಟರು. ಅಡುಗೆಮನೆಗೆ ಪ್ರವೇಶವಿಲ್ಲ, ಅಂಗಡಿಗೆ ಮಗ, ಬೀದಿಗೆ ಮಕ್ಕಳು. ಪಡಸಾಲೆಯ ಮೂಲೆಯಲ್ಲಿ ಒಂದು ಖುರ್ಚಿ, ಪಕ್ಕದಲ್ಲಿ ಫೋನು, ಇಷ್ಟೇ ಅವರ ಸಾಮ್ರಾಜ್ಯ. ದೇವರು ತಮ್ಮನ್ನು ಯಾಕೆ ಇನ್ನೂ ಕರೆದುಕೊಳ್ಳುತ್ತಿಲ್ಲ ಎಂದು ಅವರು ದಿನಾ ಕೇಳಿಕೊಳ್ಳುತ್ತಿದ್ದರು. ಹೆಂಡತಿ ಅಷ್ಟು ಜೋಪಾನ ಮಾಡಿದ ಆಯುಷ್ಯ, ಸುಮ್ಮನೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಪುಣೆಯಿಂದ ಫೋನು ಬಂತು. ದೊಡ್ಡ ಅಂಗಡಿಯವರು. ಚಟ್ನಿ ತಿಂದು ಮೆಚ್ಚಿದ್ದರಂತೆ, ತಿಂಗಳಿಗಿಷ್ಟು ಎಂದು ಬೇಕಂತೆ. ಕನ್ನಡ ಬಲ್ಲವರೇ.

"ಮಾಲಕ್ರು ಯಾರ್ರಿ? ಅವರ ಹೆಸರಿಗೆ ಆರ್ಡರ ಬರೀಬೇಕು."

ಎಷ್ಟು ದಿನದಮೇಲೆ ಕಿವಿಗೆ ಬಿದ್ದ ಶಬ್ದ! ಸಾತಲಿಂಗಪ್ಪನವರು ಖುರ್ಚಿಯಿಂದ ಎದ್ದೇ ನಿಂತರು. "ಮಾಲಕ" ಎಂದು ಬಾಯಿ ತೆರೆದರು. ಆದರೆ ಸುಳ್ಳು ಹೆಸರಿಗೆ ಆರ್ಡರು ಬಂದರೆ ಕಾಯಿದೆಯ ತೊಡಕು, ದಂಡ, ಮತ್ತೆ ಮೇಡಂ. ವ್ಯಾಪಾರಿಯ ಮಗ, ಇಷ್ಟು ದೊಡ್ಡ ಗಿರಾಕಿ ಕೈತಪ್ಪಬಾರದು ಎಂದು ಅವರಿಗೂ ಗೊತ್ತು. ನಿಟ್ಟುಸಿರು ಬಿಟ್ಟು, "ಮಾಲಕ ಅಲ್ರಿ, ಮಾಲಕೀಣ" ಎಂದರು.

"ಹೆಸರ ಹೇಳ್ರಿ."

ಸಾತಲಿಂಗಪ್ಪನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಈ ಜನ್ಮದಲ್ಲಿ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. "ಏ" ಎಂದಿದ್ದರು, "ಕೇಳಿದೇನ" ಎಂದಿದ್ದರು, ಸಿಟ್ಟು ಬಂದಾಗ "ನಿಮ್ಮವ್ವ" ಎಂದು ಮಗನಿಗೆ ಹೇಳಿದ್ದರು. ಅವರ ಅಪ್ಪ ಕರೆದಿರಲಿಲ್ಲ, ಅಜ್ಜ ಕರೆದಿರಲಿಲ್ಲ. ಈಗ ಎಲ್ಲಿಂದ ತರುವುದು?

"ನಮ್ಮ... ನಿತಿನನ ಅವ್ವ" ಎಂದರು.

"ನಿತಿನನ ಅವ್ವ ಅಂತ ಬಿಲ್ ಹೆಂಗ ಮಾಡ್ಲಿ? ಲಗೂ ಹೆಸರ ಹೇಳ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೀನಿ."

ಅಡುಗೆಮನೆಯಲ್ಲಿ ಒನಕೆಗಳ ಸದ್ದು ನಿಂತಿತು. ಟೊಪ್ಪಿಗೆ ಹಾಕಿದ ತಲೆಗಳು ಒಂದರ ಮೇಲೊಂದು ಬಾಗಿಲಿನಿಂದ ಇಣುಕಿದವು. ನಡುವೆ ಕಸ್ತೂರಬಾಯಿ. "ಒಡಪು ಹಾಕಿ ಹೇಳ್ರಿ ಅಣ್ಣಾರs!" ಎಂದು ಜನಾಬಾಯಿ ಕೂಗಿದಳು.

ಸಾತಲಿಂಗಪ್ಪನವರು ಹೊಸ್ತಿಲಿನ ಈಚೆ ನಿಂತು, ಫೋನು ಬಾಯಿಗೆ ಹಿಡಿದು, ಕಣ್ಣು ಮುಚ್ಚಿಕೊಂಡರು:

"ಒಳಗ ಬಿಡವಲ್ರು ನನ್ನ, ನಾ ಹೊಸ್ತಿಲ ಸಿಪಾಯಿ,
ತಂಬಾಕ ಬಿಟ್ಟು ಸ್ವಚ್ಛ ತೊಳಕೊಂಡೀನಿ ಬಾಯಿ,
ಚಟ್ನಿ ಕಂಪನಿ ಮಾಲಕೀಣ ನಮ್ಮ ಕಸ್ತೂರಬಾಯಿ!"

ಒಳಗೆ ನಗೆಯ ಹೊನಲು. ಕಸ್ತೂರಬಾಯಿ ಕೈಗವಸಿನಿಂದ ಮುಖ ಮುಚ್ಚಿಕೊಂಡಳು. ಪುಣೆಯವರು ಕೂಡ ಬಿದ್ದು ಬಿದ್ದು ನಕ್ಕು, ಆರ್ಡರು ಬರೆದುಕೊಂಡು, "ಚಲೋ ಹೇಳಿದ್ರಿ. ತಾವು ಯಾರು ಮಾತಾಡಾಕತ್ತೀರಿ?" ಎಂದು ಕೇಳಿದರು.

ತಮ್ಮ ಹೆಸರು ತಾವು ಹೇಳಿಕೊಳ್ಳಲು ಅವರಿಗೆ ಯಾವ ಶಾಸ್ತ್ರದ ಅಡ್ಡಿಯೂ ಇರಲಿಲ್ಲ.

"ನಾನೇನ್ರಿ?" ಎಂದರು ಸಾತಲಿಂಗಪ್ಪನವರು. "ನಾ ಅವರ ಮನಿಯಾಂವ್ರಿ."